ಮಾರ್ನಾಳ ಕೋವಿಗೆ ಹೊಸ ನಳಿಗೆ

ಬಿಟರ್‌ರೂಟ್ ಕಣಿವೆಯ ಮಾರ್ನಾ ಥಾರ್ಸನ್ ಶಾಲೆಯ ಬಸ್ಸು ಓಡಿಸುತ್ತಿದ್ದಳು. ವಯಸ್ಸು ಅರವತ್ತರ ಹತ್ತಿರ. ಚಳಿಗಾಲಕ್ಕೆ ಬೇಕಾದ ಎಲ್ಕ್ ಜಿಂಕೆಯ ಮಾಂಸವನ್ನು ಹರೆಯದಿಂದಲೂ ತಾನೇ ಬೇಟೆಯಾಡಿ ತರುತ್ತಿದ್ದಳು. ಒಮ್ಮೆ ಹೇಸರಗತ್ತೆಯ ಬೆನ್ನಿನಿಂದ ಬಿದ್ದು ಅವಳ ಬಲ ಭುಜ ಮುರಿಯಿತು. ಮೂಳೆ ಕೂಡಿಕೊಂಡಿತು, ನೋವು ಮಾತ್ರ ಉಳಿಯಿತು.

ಅದಾದ ಮೇಲಿನ ಬೇಟೆಯಲ್ಲಿ ಅವಳು ಎದೆಗೆ ಗುರಿಯಿಟ್ಟ ಗುಂಡು ಹೆಣ್ಣು ಎಲ್ಕ್ ಒಂದರ ಹಿಂಗಾಲಿಗೆ ಬಿತ್ತು. ಹಿಮದ ಮೇಲೆ ರಕ್ತದ ಜಾಡು ಹಿಡಿದು ಗುಡ್ಡ ಹತ್ತಿ ಇಳಿದು, ಹೊತ್ತು ಮುಳುಗುವಾಗ ಪೊದೆಯಲ್ಲಿ ಬಿದ್ದಿದ್ದ ಅದನ್ನು ಕಂಡು ಮುಗಿಸಿದಳು. ಅದು ತಲೆಯೆತ್ತಿ ತನ್ನನ್ನು ನೋಡಿದ್ದು ಅವಳ ಕಣ್ಣಿನಿಂದ ಹೋಗಲಿಲ್ಲ.

"ಬಿಟ್ಬಿಡಕ್ಕ, ವಯಸ್ಸಾಯ್ತು. ಮಾಂಸ ನಾನು ತಂದ್ಕೊಡ್ತೀನಿ" ಎಂದ ತಮ್ಮ ಕ್ಲೈಡ್.

"ನೀನಾ? ನಿನ್ನ ಟ್ರಕ್ಕಿಗೆ ಅಡ್ಡ ಬಂದು ಸತ್ತಿದ್ದು ಬಿಟ್ರೆ ನೀನು ಇನ್ನೇನು ಹೊಡ್ದಿದೀಯೋ?"

ಹಿಮ ಕರಗುತ್ತಲೇ ಅವಳು ಕೋವಿಯನ್ನು ಎಲ್ಡನ್ ಪ್ರೂಯಿಟ್‌ನ ಅಂಗಡಿಗೆ ಒಯ್ದಳು. ಕೋವಿ ರಿಪೇರಿ ಮಾಡುವ ಎಲ್ಡನ್ ಅವಳ ಶಾಲೆಯ ಗೆಳೆಯ. ಕ್ಲೈಡ್ ಕೂಡ ಬೆನ್ನಿಗೆ ಬಂದಿದ್ದ. ಎಲ್ಡನ್ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ ತಲೆಯಾಡಿಸಿದ.

"ಗುಂಡನ್ನ ತಿರುಗಿಸಿ ನೆಟ್ಟಗೆ ಕಳಿಸೋ ಒಳಗಿನ ಗೀರೆಲ್ಲ ಸವೆದೋಗಿದೆ ಮಾರಾಯ್ತಿ. ಈ ನಳಿಗೆ ಕಥೆ ಮುಗೀತು."

ಮಾರ್ನಾಳಿಗೆ ಎದೆಯ ಭಾರ ಇಳಿದಂತಾಯಿತು. "ಹಾಗಾದ್ರೆ ತಪ್ಪು ನಂದಲ್ಲ!"

ಎಲ್ಡನ್ ಇಬ್ಬರನ್ನೂ ಹಿತ್ತಲಿಗೆ ಕರೆದೊಯ್ದು, ತೋಟಾವನ್ನು ತಾನೇ ತುಂಬಿ ತುಂಬಿ ಅವಳ ಕೈಗೆ ಕೋವಿ ಕೊಟ್ಟ. ಅವಳು ಒಂದೆರಡು ಗುಂಡು ಹಾರಿಸಿದಳು. ಆಮೇಲೆ ಕೋವಿಯ ಕುದುರೆ ಎಳೆದಾಗ ಬರೀ ಟಿಕ್ ಎಂದಿತು. ಅವನು ಗುಟ್ಟಾಗಿ ಮದ್ದಿಲ್ಲದ ಹುಸಿ ತೋಟಾ ಹಾಕಿದ್ದ. ಗುಂಡು ಹಾರದಿದ್ದರೂ ನಳಿಗೆಯ ತುದಿ ಗಕ್ಕನೆ ಕೆಳಗೆ ಬಾಗಿದ್ದನ್ನು ಮೂವರೂ ಕಂಡರು.

"ನಳಿಗೆಯೂ ಸವೆದಿದೆ, ನಿಜ. ಕೋವಿ ಭುಜಕ್ಕೆ ಒದೆಯತ್ತೆ ಅಂತ ನೀನೂ ಮೊದಲೇ ಬೆದರಿ ತುದಿ ಬಗ್ಗಿಸ್ತಿದೀಯ" ಎಂದ ಎಲ್ಡನ್.

ಅವಳ ಮುಖ ಕೆಂಪೇರಿತು. ಮನೆಗೆ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ. "ಹೊಸ ನಳಿಗೆ ಯಾವ್ಯಾವ್ದು ಇದೆ, ತೋರ್ಸು" ಎಂದಳು.

ದಪ್ಪ ನಳಿಗೆಯ ಕೋವಿ ಒದೆಯುವುದು ಕಡಿಮೆ, ಆದರೆ ಗುಡ್ಡ ಹತ್ತಿಸಲು ಭಾರ. ತೆಳುವಾದದ್ದು ಹಗುರ, ಒದೆತ ಜೋರು. ಎರಡನ್ನೂ ಎತ್ತಿ ಹೆಗಲಿಗಿಟ್ಟುಕೊಂಡು ಅಂಗಡಿಯಲ್ಲೇ ಓಡಾಡಿದಳು.

"ದಪ್ಪದ್ದೇ ಹಾಕ್ಸ್ಕೊ. ಹೊರೋಕೆ ನಾನಿಲ್ವಾ?" ಎಂದ ಕ್ಲೈಡ್.

"ನನ್ನ ಕೋವಿ ನಾನು ಹೊರಕ್ಕಾಗದ ದಿನ ಬೇಟೆ ಬಿಡ್ತೀನಿ. ಎಲ್ಡನ್, ನಳಿಗೆ ತೂತೇ ಸಣ್ಣದಾದ್ರೆ?"

ಎಲ್ಡನ್ ಕನ್ನಡಕ ಹಣೆಗೇರಿಸಿದ. "ಆಗತ್ತೆ. ಸಣ್ಣ ಗುಂಡು, ಒದೆತ ಸುಮಾರು ಇಳಿಯತ್ತೆ. ಆದ್ರೆ ಎಲ್ಕ್‌ಗೆ ದೂರದಿಂದ ಹೊಡೆಯೋ ಹಾಗಿಲ್ಲ. ಹತ್ರ ಹೋಗ್ಬೇಕು. ಅದು ಪಕ್ಕೆ ತಿರುಗಿಸೋವರೆಗೂ ಕಾಯ್ಬೇಕು."

"ಅದು ಮಕ್ಕಳ ಕೋವಿ ಕಣೇ!" ಕ್ಲೈಡ್ ನಕ್ಕ.

"ಕಾಯೋದು ನಂಗೆ ಹೇಳ್ಕೊಡ್ಬೇಡಿ. ನಿನ್ನಂಥ ಸೋಮಾರಿಗಳು ಬಸ್ಸಿಗೆ ಬರ್ಲಿ ಅಂತ ಇಡೀ ಆಯಸ್ಸು ಕಾದಿದೀನಿ. ಎಲ್ಡನ್, ಸಣ್ಣ ತೂತಿಂದೇ ಹಾಕು. ತೀರ ದಪ್ಪನೂ ಬೇಡ, ತೆಳ್ಳಗೂ ಬೇಡ."

ನಳಿಗೆ ಬದಲಾಯಿತು, ಬೆದರು ಬದಲಾಗಲಿಲ್ಲ. ಹುಸಿ ತೋಟಾ ಸಿಕ್ಕಾಗಲೆಲ್ಲ ತುದಿ ಬಾಗುತ್ತಲೇ ಇತ್ತು. ಅವಳು ಹಠ ಬಿಡಲಿಲ್ಲ. ಬೇಸಿಗೆಯ ರಜೆಯುದ್ದಕ್ಕೂ ಎಲ್ಡನ್‌ನ ಹಿತ್ತಲಿಗೆ ಹೋಗಿ ಕೂತಳು. ಬೈದುಕೊಂಡಳು, ಒಮ್ಮೆ ಅತ್ತಳು, ಮತ್ತೆ ಹೋದಳು. ಶಾಲೆ ತೆರೆಯುವ ಹೊತ್ತಿಗೆ ಟಿಕ್ ಎಂದರೂ ನಳಿಗೆ ಅಲುಗದೆ ನಿಲ್ಲತೊಡಗಿತು.

ಬೇಟೆಯ ಕಾಲ ಬಂತು. ಮೊದಲ ದಿನ ಕಣಿವೆಯಾಚೆಯ ಇಳಿಜಾರಿನಲ್ಲಿ ಹಿಂಡು ಮೇಯುತ್ತಿತ್ತು.

"ಹೊಡಿ ಅಕ್ಕ, ಹೊಡಿ!" ಕ್ಲೈಡ್ ಪಿಸುಗುಟ್ಟಿದ.

"ದೂರ ಆಯ್ತು."

"ಹಳೇ ನಳಿಗೆ ಇದ್ದಿದ್ರೆ—"

"ಈಗ ಇಲ್ವಲ್ಲ. ಸುಮ್ನಿರು."

ಹಿಂಡು ಕಾಡು ಸೇರಿತು. ಕ್ಲೈಡ್ ಮುನಿಸಿನಿಂದ ಬಿರಬಿರನೆ ಮುಂದೆ ನಡೆದ. ಮುಂದಿನ ಶನಿವಾರ ಅವಳು ಒಬ್ಬಳೇ ಹೋದಳು. ಗಾಳಿಗೆ ಎದುರಾಗಿ ಹಿಮದಲ್ಲಿ ತೆವಳಿ, ಬಿದ್ದ ಮರವೊಂದರ ಮೇಲೆ ಕೋವಿ ಊರಿದಳು. ಹೆಣ್ಣು ಎಲ್ಕ್ ಅವಳತ್ತಲೇ ಮುಖ ಮಾಡಿ ನಿಂತಿತ್ತು. ಬೆರಳು ಮರಗಟ್ಟಿತು, ಭುಜ ಸಿಡಿಯತೊಡಗಿತು. ಅವಳು ಕಾದಳು. ಕೊನೆಗೆ ಅದು ಎಳೆ ಗಿಡವೊಂದಕ್ಕೆ ಬಾಯಿ ಹಾಕಲು ಪಕ್ಕಕ್ಕೆ ತಿರುಗಿತು. ಉಸಿರು ಬಿಟ್ಟು ಕುದುರೆ ಎಳೆದಳು. ಎಲ್ಕ್ ನಾಲ್ಕು ಹೆಜ್ಜೆ ಓಡಿ ಕುಸಿಯಿತು. ಅವಳು ಹತ್ತಿರ ಹೋಗುವಷ್ಟರಲ್ಲಿ ಜೀವ ಹೋಗಿತ್ತು. ಬೆಚ್ಚಗಿನ ಕುತ್ತಿಗೆಯ ಮೇಲೆ ಕೈಯಿಟ್ಟು, ಮನಸ್ಸು ತಿಳಿಯಾಗುವವರೆಗೂ ಕೂತಳು.

ಅವಳ ಫೋನು ಹೋಗುತ್ತಲೇ ಕ್ಲೈಡ್ ಮಾಂಸ ಹೊರಲು ಕುದುರೆಗಳನ್ನು ಹೊಡೆದುಕೊಂಡು ಬಂದ. ಬಗ್ಗಿ ಗಾಯ ನೋಡಿದ. ಮುಂಗಾಲಿನ ಹಿಂದೆ, ಸರಿಯಾದ ಜಾಗ. ಟೋಪಿ ತೆಗೆದು ತಲೆ ಕೆರೆದುಕೊಂಡ.

"ಮಕ್ಕಳ ಕೋವಿ ಅಂದಿದ್ದೆ. ಬಾಯ್ತಪ್ಪಿ ಬಂತು ಅಕ್ಕ."

"ಬಾಯಿ ಆಮೇಲೆ ಆಡ್ಸು, ಈಗ ಚಾಕು ಹಿಡಿ" ಎಂದು ಮಾರ್ನಾ ಅಂಗಿಯ ತೋಳು ಮಡಚಿದಳು. "ಹೊತ್ತಿರೋವಾಗ್ಲೇ ಕೆಳಗಿಳಿಬೇಕು."