ಪಟ್ಟಿಗೆ ಸೇರದ ಬಲಗೈ

ಒಪ್ಪಿಗೆ ಹಾಳೆಯಲ್ಲಿ ಏಳು ಚೌಕಗಳಿದ್ದವು. ಆರರಲ್ಲಿ ಸಹಿ ಬಿದ್ದು ನಾಲ್ಕು ದಿನವಾಗಿತ್ತು. ಏಳನೆಯದು ತಕರಾರಮ್ಮನದು. ಅವಳು ಜಪ್ಪಯ್ಯ ಅಂದರೂ ಪೆನ್ನು ಮುಟ್ಟಲಿಲ್ಲ.

ಆ ಹೆಸರು ಅವಳಿಗೆ ಕಟ್ಟಿದ್ದು ಕಚೇರಿಯೇ. ರಾಕೆಟ್ ಕಟ್ಟುವ ಜಾಗದಲ್ಲಿ ಟ್ಯಾಂಕಿನವರಿಗೆ ಟ್ಯಾಂಕಿನ ಚಿಂತೆ, ವೈರಿಂಗಿನವರಿಗೆ ವೈರಿನ ಚಿಂತೆ, ಹೊರಕವಚದವರಿಗೆ ತೂಕದ ಚಿಂತೆ. ಇವರೆಲ್ಲ ಮಾಡಿದ್ದು ಒಂದಕ್ಕೊಂದು ಕೂಡಿಕೊಳ್ಳುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಎಲ್ಲರ ಕೆಲಸದಲ್ಲೂ ಮೂಗು ತೂರಿಸುವುದಕ್ಕೆಂದೇ ಸಂಬಳ ಕೊಟ್ಟು, ತೂರಿಸಿದರೆ ಮುಖ ಸಿಂಡರಿಸುವ ಜನಕ್ಕೆ ಏನನ್ನಬೇಕು?

ಈ ಸಲದ ತಕರಾರು ಒಂದು ಪುಟ್ಟ ಬಾಗಿಲಿನದು. ರಾಕೆಟ್ಟಿನ ಮೇಲ್ಭಾಗದಲ್ಲಿ, ಟ್ಯಾಂಕಿನ ಬೆನ್ನಿಗೆ ಒಂದು ವಾಲ್ವ್ ಇದೆ. ಇಂಧನ ತುಂಬುವ ಮುಂಚೆ ಯಾರಾದರೊಬ್ಬರು ದಪ್ಪ ಗ್ಲೌಸ್ ತೊಟ್ಟು, ಬಾಗಿಲೊಳಗೆ ಕೈ ಹಾಕಿ, ಅದರ ಮುಚ್ಚಳ ಬಿಗಿಮಾಡಬೇಕು. ಸಡಿಲ ಉಳಿದರೆ ಇಂಧನ ಸೋರಿ ಪಕ್ಕದಲ್ಲಿ ನಿಂತವರ ಮೈ ಸುಡುತ್ತದೆ. ಮೊದಲು ಜಾಗ ಧಾರಾಳವಾಗಿತ್ತು. ಆಮೇಲೆ ಟ್ಯಾಂಕಿನವರು ಬೆರಳಗಲ ಒತ್ತಿದರು, ವೈರಿಂಗಿನವರು ಇನ್ನೊಂದು ಬೆರಳು ಒತ್ತಿದರು, ಕವಚದವರು ತೂಕ ಉಳಿಸಲು ಬಾಗಿಲನ್ನೇ ಕಿರಿದು ಮಾಡಿದರು. ಯಾರೂ ತಮ್ಮ ಮಿತಿ ದಾಟಿರಲಿಲ್ಲ. ಹಾಗಾಗಿ ಯಾರ ಮೇಲೂ ತಪ್ಪಿರಲಿಲ್ಲ.

ದಾಖಲೆಗಳಲ್ಲಿ "ಕೈ ತಲುಪುತ್ತದೆ, ಪರೀಕ್ಷಿಸಲಾಗಿದೆ" ಎಂದು ಹನ್ನೊಂದು ಸಲ ಬರೆದಿತ್ತು. ತಕರಾರಮ್ಮ ಹನ್ನೊಂದೂ ಹಾಳೆ ತಿರುವಿದಳು. ಹನ್ನೊಂದರಲ್ಲೂ ಕೈ ಹಾಕಿದವನು ಒಬ್ಬನೇ, ಜೋಡಣೆ ಶೆಡ್ಡಿನ ಹಿರಿಯ ಮೆಕ್ಯಾನಿಕ್. ಎಲ್ಲರ ಬಾಯಲ್ಲಿ ಅವನು ಉದ್ದಗೈ. ಹಂಚಿಕಡ್ಡಿಯಂಥ ತೋಳು, ಇಳಿಬಿಟ್ಟರೆ ಮಂಡಿ ಮುಟ್ಟುತ್ತಿತ್ತು. ಅವನು ಚಹಾಕ್ಕೆ ಹೋದಾಗ ಅವಳು ಆ ಬಾಗಿಲಿನ ಮರದ ಮಾದರಿಯೊಳಗೆ ಉಳಿದ ಮೆಕ್ಯಾನಿಕ್‌ಗಳಿಂದ ಕೈ ಹಾಕಿಸಿದಳು. ಒಬ್ಬೊಬ್ಬರದೂ ಮೊಣಕೈಗೇ ಸಿಕ್ಕಿಕೊಂಡಿತು. ಉದ್ದಗೈಗೆ ಮುಂದಿನ ತಿಂಗಳು ನಿವೃತ್ತಿ.

ಕವಚ ತಂಡದ ಮುಖ್ಯಸ್ಥ ಅವಳ ಅಕ್ಕನ ಗಂಡ. ಸಭೆಗೆ ಮುಂಚೆ ಅವಳನ್ನು ಮೆಟ್ಟಿಲ ಬಳಿ ತಡೆದ.

"ಸಹಿ ಹಾಕ್ಬಿಡಮ್ಮಾ. ಬಾಗಿಲು ದೊಡ್ಡದು ಮಾಡಿದ್ರೆ ಅಂಚು ಗಟ್ಟಿಮಾಡೋಕೆ ಲೋಹದ ಪಟ್ಟಿ ಕೊಡ್ಬೇಕು, ನಾಲ್ಕು ಕೆಜಿ ಏರುತ್ತೆ, ಮೂರು ತಿಂಗಳು ನಕ್ಷೆ ತಿದ್ದೋ ಕೆಲಸ. ಹಟ ಮಾಡಿದ್ರೆ ನಿನ್ನ ವಾಪಸ್ ನಕ್ಷೆ ಕೋಣೆಗೆ ಹಾಕ್ತಾರೆ. ನಾನೂ ಏನೂ ಮಾಡೋಕಾಗಲ್ಲ."

"ಇದನ್ನ ಭಾವನಾಗಿ ಹೇಳ್ತಿದೀರೋ, ಕವಚದ ಮುಖ್ಯಸ್ಥರಾಗೋ?"

"ಎರಡೂ ಅನ್ಕೋ."

"ಭಾವನಿಗಾದ್ರೆ ಭಾನುವಾರ ಮನೇಲಿ ಉತ್ತರ ಕೊಡ್ತೀನಿ. ಮುಖ್ಯಸ್ಥರಿಗೆ ಈಗ್ಲೇ ಹೇಳ್ತೀನಿ, ಹಾಕಲ್ಲ."

ಕಡ್ಡಿ ಮುರಿದಂತೆ ಹೇಳಿದಳೇ ಹೊರತು ಒಳಗೊಳಗೆ ಅವಳಿಗೂ ಹೆದರಿಕೆಯಿತ್ತು. ಆ ನಕ್ಷೆ ಕೋಣೆಯಿಂದ ಇಲ್ಲಿಗೆ ಬರಲು ಅವಳಿಗೆ ಒಂಬತ್ತು ವರ್ಷ ಹಿಡಿದಿತ್ತು.

ಸಭೆಯಲ್ಲಿ ಆರೂ ಮುಖ್ಯಸ್ಥರು ಒಂದೇ ರಾಗ ಹಾಡಿದರು: ನಮ್ಮದು ನಕ್ಷೆಯ ಪ್ರಕಾರವೇ ಇದೆ. ಬೇರೆ ಯಾವ ವಿಷಯದಲ್ಲೂ ಅವರು ಅಷ್ಟು ಒಗ್ಗಟ್ಟಾಗಿದ್ದನ್ನು ಆ ಕೋಣೆ ಕಂಡಿರಲಿಲ್ಲ. ನಿರ್ದೇಶಕರು ಗೋಡೆಗೊರಗಿ ನಿಂತಿದ್ದ ಉದ್ದಗೈಯ ಕಡೆ ತಿರುಗಿದರು.

"ಇದಕ್ಕೆ ಇಷ್ಟು ರಾದ್ಧಾಂತ ಯಾಕೆ? ಇವರ ಸೇವೆ ಇನ್ನೊಂದು ವರ್ಷ ಮುಂದುವರಿಸೋಣ. ಆಯ್ತಲ್ಲ?"

ಎಲ್ಲರೂ ಬಚಾವಾದೆವೆಂದು ಉಸಿರುಬಿಟ್ಟರು. ಉದ್ದಗೈ ಎಡಗೈಯಿಂದ ಬಲಭುಜ ತಿಕ್ಕಿಕೊಂಡ. ಅದು ಎರಡು ವರ್ಷದಿಂದ ನೋಯುತ್ತಿತ್ತು. ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಈ ಕೋಣೆಯಲ್ಲಿ ತಕರಾರಮ್ಮನಿಗೆ ಮಾತ್ರ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮೇಜಿನ ಮೇಲಿದ್ದ ರಾಕೆಟ್ಟಿನ ಬಿಡಿಭಾಗಗಳ ಪಟ್ಟಿಯನ್ನು ಎಳೆದುಕೊಂಡು, ಕೊನೆಯ ಖಾಲಿ ಸಾಲಿನಲ್ಲಿ ಬರೆಯುತ್ತಾ ಗಟ್ಟಿಯಾಗಿ ಓದಿದಳು.

"ಭಾಗದ ಹೆಸರು, ಬಲಗೈ. ಸಂಖ್ಯೆ, ಒಂದು. ತಯಾರಿಸಿದವರು, ಇವರ ತಾಯಿ. ಬದಲಿ ಭಾಗ..." ಉದ್ದಗೈಯನ್ನು ನೋಡಿದಳು. "ನಿಮಗೆ ತಮ್ಮಂದಿರಿದಾರಾ ಅಣ್ಣ?"

"ಒಬ್ಬ ಇದಾನಮ್ಮ. ಕುಳ್ಳ."

ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು.

"ಬದಲಿ ಇಲ್ಲ. ಕೆಟ್ಟರೆ ಏನು ಮಾಡ್ಬೇಕು, ಅದೂ ಗೊತ್ತಿಲ್ಲ. ಇವರು ಜ್ವರ ಬಂದು ಮಲಗಿದ್ರೆ ರಾಕೆಟ್ಟೂ ಮಲಗುತ್ತೆ. ಇಲ್ಲಾಂದ್ರೆ ಇನ್ಯಾರೋ ಪಾಪ ಕೈ ತುರುಕಿ, ಅರ್ಧ ತಿರುವಿ, ಬಿಗಿಯಾಯ್ತು ಅಂತಾರೆ." ಪಟ್ಟಿಯನ್ನು ಮೇಜಿನ ನಡುವೆ ತಳ್ಳಿದಳು. "ಈ ಸಾಲಿಗೆ ನೀವು ಆರೂ ಜನ ಸಹಿ ಹಾಕಿ. ಆ ಒಪ್ಪಿಗೆ ಹಾಳೆಗೆ ನಾನು ಹಾಕ್ತೀನಿ. ಆಮೇಲೆ ಯಾವ ಕೋಣೆಗೆ ಬೇಕಾದ್ರೂ ಕಳಿಸಿ."

ಪಟ್ಟಿ ಒಬ್ಬರಿಂದೊಬ್ಬರಿಗೆ ದಾಟಿತು. ಟ್ಯಾಂಕಿನವರು ಕನ್ನಡಕ ಒರೆಸಿದರು. ವೈರಿಂಗಿನವರಿಗೆ ಪೆನ್ನು ಸಿಗಲಿಲ್ಲ, ಜೇಬಿನಲ್ಲೇ ಎರಡಿದ್ದವು. ಕೊನೆಗೆ ಅದು ಭಾವನ ಮುಂದೆ ಬಂತು. ಅವನು ಪೆನ್ನು ತೆಗೆದ. ಒಬ್ಬ ಹಾಕಿದರೆ ಉಳಿದವರೂ ಹಾಕುತ್ತಾರೆ.

ಭಾವ ಪಟ್ಟಿಯನ್ನು ಪಕ್ಕಕ್ಕಿಟ್ಟು, ಏಳು ಚೌಕದ ಹಾಳೆ ಎಳೆದುಕೊಂಡ. ಮೊದಲ ಚೌಕದಲ್ಲಿದ್ದ ತನ್ನ ಸಹಿಯ ಮೇಲೆ ಅಡ್ಡ ಗೆರೆ ಎಳೆದ.

"ಬಾಗಿಲು ನಮ್ಮ ತಂಡದ್ದು ಸರ್," ಎಂದ ನಿರ್ದೇಶಕರಿಗೆ. ಆಮೇಲೆ ಅವಳ ಮುಖ ನೋಡದೆಯೇ ಕೇಳಿದ, "ಎಷ್ಟಗಲ ಬೇಕಮ್ಮಾ?"

"ಶೆಡ್ಡಿಗೆ ಬನ್ನಿ ಸರ್. ನಿಮ್ಮ ಕೈ ಹಾಕೇ ಅಳೆಯೋಣ," ಎಂದಳು ತಕರಾರಮ್ಮ. "ಗ್ಲೌಸ್ ನಾನು ತರ್ತೀನಿ."