ಕೆಂಪು ಬಾವುಟದ ಈಚೆ

ಹೆಣದ ವಿಮಾನ ಹೊತ್ತವರು ರಸ್ತೆಗಾಗಿ ಗುಡ್ಡ ಸೀಳಿದ ಕಟಿಂಗಿನ ಬಾಯಿಗೆ ಬಂದು ನಿಂತುಬಿಟ್ಟರು. ಹಿಂದಿನವರು ಮುಂದಿನವರಿಗೆ ಹಾಯ್ದರು, ಭಜನೆಯ ತಾಳ ತಪ್ಪಿತು. ದಾರಿಗೆ ಅಡ್ಡ ಕಟ್ಟಿದ ಹಗ್ಗದ ಮೇಲೆ ಕೆಂಪು ಬಾವುಟ ನೆನೆದು ಜೋತುಬಿದ್ದಿತ್ತು. ನಿನ್ನೆ ಸಂಜೆ ಅದನ್ನು ಕಟ್ಟಿದ ಮುರಗೆಪ್ಪ ಈಗ ಹೂವಿನ ವಿಮಾನದಲ್ಲಿ ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಕುಳಿತಿದ್ದ. ಬೆಳಿಗ್ಗೆ ಚಹಾ ಕುಡಿಯುತ್ತ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ.

"ಬಿಚ್ಚರ್ಯೋ ಅದನ್ನ," ಎಂದ ನೆರೆಮನೆಯ ಕಾಕಾಸಾಹೇಬ. ಅವನೂ ಒಂದು ಹೆಗಲು ಕೊಟ್ಟಿದ್ದ. "ಹೆಗಲ ಕಳಚಾಕತ್ತೈತಿ."

ಎಲ್ಲರೂ ಕಲ್ಲಿನ ಖಣಿಯ ಇಂಜಿನಿಯರ್ ನೇಮಿನಾಥನ ಮುಖ ನೋಡಿದರು.

"ಗುಡ್ಡ ನೋಡಿ ಬಂದವರೇ ಬಿಚ್ಚಬೇಕ್ರಿ," ಎಂದ ಅವನು. "ರಾತ್ರಿ ಮಳಿ ಹೊಡದೈತಿ. ಇವತ್ತ ಯಾರೂ ನೋಡಿಲ್ಲ."

"ನೋಡಾಂವ ಇವನ ಅಲ್ಲೇನ್ರಿ?" ಕಾಕಾಸಾಹೇಬ ಗದ್ದದಿಂದ ವಿಮಾನ ತೋರಿಸಿದ. "ಎಬ್ಬಿಸಿ ಕಳಸೂಣೇನು?"

ಮುರಗೆಪ್ಪನ ಹೊಲ ಗುಡ್ಡದ ಆಚೆಗಿತ್ತು. ಅಲ್ಲಿ ಕುಣಿ ತೋಡಿ ಮುಗಿದಿತ್ತು, ಸ್ವಾಮಿಗಳು ಕಾಯುತ್ತಿದ್ದರು. ಖಣಿಗೆ ಹೊಸ ರಸ್ತೆ ಮಾಡಲು ಗುಡ್ಡ ಸೀಳಿದಾಗಿನಿಂದ ಊರವರೆಲ್ಲ ಹೊಲಕ್ಕೆ ಇದೇ ದಾರಿ ಹಿಡಿದಿದ್ದರು. ಇನ್ನೊಂದು ದಾರಿ ಕಾಲುವೆಯ ಗುಂಟ, ಕಬ್ಬಿನ ನಡುವೆ, ಮೊಣಕಾಲುದ್ದ ಕೆಸರಿನಲ್ಲಿ. ಹೊತ್ತು ಬೇರೆ ಇಳಿಯುತ್ತಿತ್ತು.

*

ಗುಡ್ಡದ ನೆತ್ತಿಯ ಬಿರುಕುಗಳಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತುವುದನ್ನು ಮುರಗೆಪ್ಪನಿಗೆ ಕಲಿಸಿದವನು ನೇಮಿನಾಥನೇ. ಗುಡ್ಡ ಚೂರು ಸರಿದರೂ ಗಾಜು ಒಡೆಯುತ್ತದೆ. ಒಡೆದರೆ ಕೆಳಗೆ ಯಾರೂ ಹೋಗಕೂಡದು. ಸಂಜೆ ಬಾವುಟ ಕಟ್ಟು, ಬೆಳಿಗ್ಗೆ ಗಾಜು ನೋಡಿ ಬಿಚ್ಚು. ಇಷ್ಟೇ ಕೆಲಸ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮನುಷ್ಯನಿಗೆ ಇದನ್ನು ಯಾಕಾದರೂ ಹೇಳಿದೆನೋ ಎಂದು ನೇಮಿನಾಥ ಆಮೇಲೆ ಹಣೆ ಬಡಿದುಕೊಂಡ.

ಆಡು ತುಳಿದು ಗಾಜು ಒಡೆಯಿತು, ಮುರಗೆಪ್ಪ ರಸ್ತೆ ಮುಚ್ಚಿದ. ದನ ಕಾಯುವವರು ಕಲ್ಲೆಸೆದು ಒಡೆದರು, ಆಗಲೂ ಮುಚ್ಚಿದ. ಒಮ್ಮೆ ಮದುಮಗನ ಜೀಪು ನಿಲ್ಲಿಸಿದ, ಅಕ್ಷತೆಯ ಹೊತ್ತು ಮೀರಿ ಬೀಗರು ಬಾಯಿಗೆ ಬಂದಂತೆ ಬೈದರು. ಗುಡ್ಡದಿಂದ ಒಂದು ಹೆಂಟೆಯೂ ಉದುರಲಿಲ್ಲ.

ಮಗ ಮಲ್ಲೇಶ ಅದೇ ರಸ್ತೆಯಲ್ಲಿ ಟಿಪ್ಪರ್ ಓಡಿಸುತ್ತಿದ್ದ. ಒಂದು ದಿನ ಅವನ ತಾಳ್ಮೆ ಕೆಟ್ಟಿತು.

"ಆಡಿನ ಹೆಜ್ಜಿ ಎದ್ದ ಕಾಣಾಕತ್ತಾವಲ್ಲ ಅಪ್ಪಾ. ಗುಡ್ಡ ಸರದಿಲ್ಲ."

"ಯಾರ ಒಡದಾರ ಅನ್ನೂದು ನನ್ನ ಕೆಲಸಲ್ಲ. ಒಡದೈತಿ."

"ಮಂದಿ ನಗತಾರ."

"ನಗಲಿ ಬಿಡು. ನಗಾಕಾದರೂ ಇರತಾರಲ್ಲ."

ಅಂದಿನಿಂದ ಮಲ್ಲೇಶ ಅಪ್ಪನ ಜೊತೆ ಮಾತು ಬಿಟ್ಟ. ಒಂದೇ ಮನೆಯಲ್ಲಿ ಉಂಡೂ ಮಾತಿಲ್ಲದ ಇಬ್ಬರ ನಡುವೆ ತಾಯಿ ರುಕ್ಮವ್ವ ಅರೆದುಹೋದಳು.

ಒಡೆದ ಗಾಜಿಗೆ ಬದಲಿ ಕೇಳಿದರೆ ಖಣಿಯವರು ಇವತ್ತು ನಾಳೆ ಅನ್ನುತ್ತಿದ್ದರು. ಆ ದಿನಗಳಲ್ಲೇ ಮನೆಯ ದೇವರ ಜಗುಲಿಯ ಮೇಲಿನ ವೀರಭದ್ರನ ಫೋಟೋದ ಗಾಜು ಇಲ್ಲವಾಯಿತು. ರುಕ್ಮವ್ವ ದಿನಾ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚುತ್ತಿದ್ದ ಗಾಜು ಅದು.

"ಬೆಕ್ಕ ಕೆಡವಿತು," ಎಂದ ಮುರಗೆಪ್ಪ.

ರುಕ್ಮವ್ವ ಬೆಕ್ಕಿಗೆ ಕಸಬರಿಗೆಯಿಂದ ನಾಲ್ಕು ಬಿಗಿದು ಹೊರಗಟ್ಟಿದಳು. ಅದು ಮತ್ತೆ ಮನೆಗೆ ಬರಲಿಲ್ಲ.

*

"ಆತಬಿಡ್ರಿ, ನಾನ ಬಿಚ್ಚತೀನಿ," ಎಂದು ಮಲ್ಲೇಶ ಹಗ್ಗದ ಗಂಟಿಗೆ ಕೈ ಹಾಕಿದ. ಸತ್ತ ದಿನವೂ ಅಪ್ಪ ನಾಲ್ಕು ಮಂದಿಯ ಮುಂದೆ ಹೀಗೆ ನಿಲ್ಲಿಸಿದ್ದಕ್ಕೆ ಅವನಿಗೆ ನಾಚಿಕೆಯಾಗಿತ್ತು. ಗಂಟು ಅರ್ಧ ಸಡಿಲಾಗಿತ್ತು.

"ಕೈ ತಗಿ," ಎಂದಳು ರುಕ್ಮವ್ವ. ಬೆಳಗಿನಿಂದ ಅವಳು ಅತ್ತಿರಲಿಲ್ಲ. "ಗಾಜ ನೋಡದನ ಅವನ್ನ ಇದರ ಕೆಳಗ ಒಯ್ದರ, ಇಷ್ಟ ದಿನಾ ಊರ ಮಂದಿ ಕೈಲೆ ಬೈಸಿಕೊಂಡಿದ್ದೆಲ್ಲ ಎದಕ್ಕ? ಏರಿ ನೋಡಿ ಬಾ."

"ಯವ್ವಾ, ಹೊತ್ತ ಮುಣಗತೈತಿ."

"ಮುಣಗಲಿ."

ವಿಮಾನವನ್ನು ಕಲ್ಲಿನ ಮೇಲೆ ಇಳಿಸಿದರು. ಮಲ್ಲೇಶ ಜಾರುವ ಮಣ್ಣಿಗೆ ಬೈಯುತ್ತ ಏರಿದ.

ಮೊದಲ ಗಾಜು ನೆಟ್ಟಗಿತ್ತು. ಮುಂದಿನವೂ ನೆಟ್ಟಗಿದ್ದವು. ನೋಡಿದ್ಯಾ ಅಪ್ಪಾ, ಎಂದುಕೊಂಡ. ರಸ್ತೆಯ ತಿರುವಿನ ಮೇಲೆ, ಜಾಲಿಗಿಡದ ಬುಡದಲ್ಲಿ ಕೊನೆಯದು ಎರಡು ತುಂಡಾಗಿತ್ತು. ಹಸಿ ಮಣ್ಣಿನಲ್ಲಿ ಆಡಿನ ಹೆಜ್ಜೆ ಹುಡುಕಿದ, ಇರಲಿಲ್ಲ. ಎರಡು ತುಂಡುಗಳ ನಡುವೆ ಬೆರಳು ಹೋಗುವಷ್ಟು ಬಿರುಕು ಬಾಯಿ ಬಿಟ್ಟಿತ್ತು.

ಮಲ್ಲೇಶ ಎರಡು ಹೆಜ್ಜೆ ಹಿಂದೆ ಸರಿದು ಅಲ್ಲೇ ಕುಳಿತ. ಇಷ್ಟು ದಿನ ಬಿಟ್ಟು ಇವತ್ತೇ ಖರೆಯಾಗಬೇಕಿತ್ತೇ? ನೀನು ಹೇಳಿದ್ದು ಹೌದು ಅನ್ನಬೇಕೆಂದರೆ ಈಗ ಕೇಳುವ ಅಪ್ಪನೇ ಇಲ್ಲ. ಅವನಿಗೆ ವಿಪರೀತ ಸಿಟ್ಟು ಬಂತು. ಸಿಟ್ಟಿನಲ್ಲೇ ಕಣ್ಣು ಒರೆಸಿಕೊಂಡು, ಸಿಮೆಂಟಿನಿಂದ ಕಿತ್ತುಬಂದಿದ್ದ ಒಂದು ತುಂಡನ್ನು ಹಿಡಿದು ಇಳಿದ.

"ಆಡ ಏನೋ?" ಎಂದ ಕಾಕಾಸಾಹೇಬ.

"ಅಲ್ರಿ ಕಾಕಾ. ಗುಡ್ಡ ಸರದೈತಿ."

ನೇಮಿನಾಥ ಗಾಜು ಇಸಿದುಕೊಂಡು ಮಗುಚಿದ. ಬಂಡೆಯ ಕಡೆಗಿದ್ದ ಮೈಗೆ, ಮಳೆ ತಾಗದಲ್ಲಿ, ಎಣ್ಣೆಗುಂಕುಮದ ಬೊಟ್ಟೊಂದು ಅಂಟಿಕೊಂಡಿತ್ತು.

ರುಕ್ಮವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಸೆರಗಿನಿಂದ ಒರೆಸಿದಳು. ಬೊಟ್ಟು ಹೋಗಲಿಲ್ಲ. ವಿಮಾನದ ಹತ್ತಿರ ಹೋಗಿ ಗಂಡನ ಮುಖದ ಮುಂದೆ ಹಿಡಿದಳು.

"ಬೆಕ್ಕ ಕೆಡವಿತಂತ," ಎಂದಳು. "ಸುಮ್ಮ ಸುಮ್ಮನ ಆ ಬೆಕ್ಕಿಗೆ ಬಡದ್ನಲ್ಲೋ."

ಆಗ ಅವಳಿಗೆ ಅಳು ಬಂತು.

ವಿಮಾನ ಕಾಲುವೆಯ ಕಡೆಗೆ ತಿರುಗಿತು. ಕಾಕಾಸಾಹೇಬ ಧೋತರ ಮೇಲೆತ್ತಿ ಕಟ್ಟಿಕೊಂಡು ಕೆಸರಿಗಿಳಿದ. "ಸತ್ತ ಮ್ಯಾಲೂ ಸುತ್ತ ಹಾಕಸಾಕತ್ತಾನ ನೋಡ್ರಿ," ಎಂದು ಗೊಣಗಿ ಹೆಗಲು ಕೊಟ್ಟ. ಭಜನೆಯವರು ತಾಳ ಹಚ್ಚಿದರು.

ಮಲ್ಲೇಶ ಕಟಿಂಗಿನ ಬಾಯಲ್ಲೇ ಉಳಿದಿದ್ದ. ತಾನು ಸಡಿಲ ಮಾಡಿದ್ದ ಗಂಟನ್ನು ಮತ್ತೆ ಬಿಗಿದ. ನೀರು ಕುಡಿದು ಜೋತ ಬಾವುಟವನ್ನು ಹಿಂಡಿ, ಕೊಡವಿ, ದೂರದಿಂದ ಕಾಣುವ ಹಾಗೆ ಹರವಿದ. ಹಗ್ಗ ಜಗ್ಗಿ ನೋಡಿ, ಓಡಿಹೋಗಿ ಅಪ್ಪನ ವಿಮಾನಕ್ಕೆ ಹೆಗಲು ಕೊಟ್ಟ.