ತವರ ಬಾಗಿಲಿನ ಭಿಕ್ಷೆ

"ಸೆರಗು ಒಡ್ಡೇ ಶಾಂತಾ," ಎಂದು ಸರ್ವಮಂಗಳಮ್ಮ ಮೊರವನ್ನು ಮುಂದಕ್ಕೆ ಹಿಡಿದರು.

ಮೊರದಲ್ಲಿ ಅರಿಸಿನ ಬೆರೆಸಿದ ಅಕ್ಕಿ, ಕೊಬ್ಬರಿ ಗಿಟುಕು, ಬೆಲ್ಲದಚ್ಚು, ಹಸಿರು ಕುಬಸದ ಕಣ. ಗಂಡನ ಮನೆಗೆ ಹೊರಟ ಮಗಳಿಗೆ ತವರಿನವರು ತುಂಬುವ ಮಡಿಲಕ್ಕಿ ಅದು. ಶಾಂತಾದೇವಿ ಸೆರಗನ್ನು ಮುಟ್ಟಲಿಲ್ಲ. ಹೆಗಲಲ್ಲಿದ್ದ ಕಾವಿ ಜೋಳಿಗೆಯ ಬಾಯನ್ನು ಎರಡೂ ಕೈಯಿಂದ ಅಗಲಿಸಿ, ತಲೆ ತಗ್ಗಿಸಿ ನಿಂತಳು.

"ಅದಕ್ಕಲ್ಲ. ಸೆರಗಿಗೆ."

ಚನ್ನಗಿರಿಯ ಆ ಬೀದಿಯಲ್ಲಿ ಹೆಣ್ಣೊಬ್ಬಳು ಜೋಳಿಗೆ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಎದುರಿನ ಅಂಗಡಿಯ ಚಿತ್ತಪ್ಪ ತಕ್ಕಡಿ ಬಿಟ್ಟು ಹೊರಗೆ ಬಂದಿದ್ದ. "ಬಿ.ಎ. ಓದಿ ಜೋಳಿಗೆ ಹಿಡಿದ್ಲು. ಎಂ.ಎ. ಓದಿದ್ರೆ ಇನ್ನೇನು ಹಿಡೀತಿದ್ಲೋ!" ಎಂದ. ಒಂದಿಬ್ಬರು ನಕ್ಕರು.

ಸವಳಂಗದಾಚೆಯ ಅಕ್ಕನ ಮಠದಲ್ಲಿ ಬರುವ ಸೋಮವಾರ ಅವಳಿಗೆ ದೀಕ್ಷೆ. ಅದಕ್ಕೆ ಮೊದಲು ಹುಟ್ಟಿದ ಬೀದಿಯಲ್ಲಿ ಒಂದು ಮನೆಯನ್ನೂ ಬಿಡದೆ ಬೇಡಬೇಕು. ಹೆತ್ತವಳ ಕೈಯಿಂದ ಒಂದು ಹಿಡಿಯಾದರೂ ಜೋಳಿಗೆಗೆ ಬೀಳಬೇಕು, ಬೀಳದಿದ್ದರೆ ದೀಕ್ಷೆಯಿಲ್ಲ. ಬಾಗಿಲಲ್ಲಿ ಒಂದು ಹಸುವಿನ ಹಾಲು ಕರೆಯುವಷ್ಟು ಹೊತ್ತು ನಿಲ್ಲಬಹುದು. ವಾದಿಸುವಂತಿಲ್ಲ, ಬಿಟ್ಟ ಬಾಗಿಲಿಗೆ ಮರಳುವಂತಿಲ್ಲ.

"ಅವ್ವನಿಗೆ ನಾನು ತಿಳಿಸಿ ಹೇಳ್ತೀನಿ," ಎಂದು ಮಠದಲ್ಲಿ ಅಂದಿದ್ದಳು ಶಾಂತಾ. ತರ್ಕಶಾಸ್ತ್ರದಲ್ಲಿ ಕಾಲೇಜಿಗೇ ಮೊದಲು ಬಂದವಳು.

ಮಠದ ಕಲ್ಲಮ್ಮ ತಾಯಿ ನಕ್ಕಿದ್ದರು. "ತಿಳಿಸಿ ಹೇಳಿ ತಗಂಬಂದದ್ದು ಭಿಕ್ಷೆ ಹೆಂಗಾಗ್ತತಿ ಮಗಾ?"

"ಹೊನ್ನಾಳಿ ಗಂಡಿನ ಕಡೆಯೋರು ಇನ್ನೂ ಕಾಯ್ತಾ ಅದಾರೆ," ಎಂದರು ಸರ್ವಮಂಗಳಮ್ಮ ತಗ್ಗಿದ ದನಿಯಲ್ಲಿ. "ಮಡಿಲಕ್ಕಿ ತಗಂಡು ಒಳಗೆ ಬಾ. ಉಣ್ಣು. ನಾಳೆ ಮಾತಾಡಾನ. ಈ ಮನೇಲಿ ಏನು ಕಡಿಮೆ ಆಗಿತ್ತು ಅಂತ ಬೇಡಾಕೆ ಬಂದೆ?"

"ಒಳಗೆ ಬರಾಕೆ ಹೇಳು, ಇಲ್ಲಾ ಕದ ಹಾಕು," ಒಳಗಿನಿಂದ ಅಪ್ಪ ಷಣ್ಮುಖಪ್ಪನ ದನಿ ಬಂತು. "ಬೀದಿ ಮಂದಿಗೆ ಪುಕ್ಕಟೆ ನಾಟಕ ಬ್ಯಾಡ."

ಉತ್ತರಗಳು ಶಾಂತಾಳ ನಾಲಿಗೆಯ ತುದಿಗೆ ಒಂದರ ಹಿಂದೊಂದು ಬಂದವು. ಎಲ್ಲವೂ ಸರಿಯಾದ ಉತ್ತರಗಳೇ. ಒಂದೊಂದನ್ನೂ ನುಂಗಿದಳು. ತಾನು ಗಟ್ಟಿಯಾಗಿ ನಿಂತರೆ ಅವ್ವ ಸೋಲುತ್ತಾಳೆ ಎಂದು ಇಷ್ಟು ಹೊತ್ತೂ ಒಳಗೊಳಗೇ ಎಣಿಸಿದ್ದಳು. ಹಾಗೆ ಎಣಿಸಿದ್ದು ಈಗ ತನಗೇ ಕಂಡು, ಮುಖ ಬಿಸಿಯಾಯಿತು. ಬೇಡಲು ಬಂದವಳು ಗೆಲ್ಲಲು ನಿಂತಿದ್ದಳು.

ಹೊತ್ತು ಮೀರಿತು. ಮೊರ ಚಾಚಿದಂತೆಯೇ ಇತ್ತು.

"ಶರಣು ತಾಯಿ," ಎಂದಳು, ಪ್ರತಿ ಬಾಗಿಲಲ್ಲೂ ಎಂದ ಹಾಗೆ. ಮೆಟ್ಟಿಲಿಳಿದಳು.

ಪಕ್ಕದ ಮನೆ ಗಾದ್ರಮ್ಮನದು. ಸೋಮವಾರದ ದೀಕ್ಷೆ ತಪ್ಪಿತು ಎಂಬುದು ಗೊತ್ತಿತ್ತು. ಆದರೂ ಬೀದಿಯಲ್ಲಿ ಇನ್ನೂ ಮನೆಗಳಿದ್ದವು. "ಭಿಕ್ಷೆ ನೀಡಿ ತಾಯಿ," ಎಂದು ಕರೆದಳು. ದನಿ ಒಡೆಯಲಿಲ್ಲ.

ಗಾದ್ರಮ್ಮ ಅರ್ಧ ರೊಟ್ಟಿ ತಂದು ಹಿಂಜರಿದಳು. "ತಂಗಳು ಐತೆ ಕಣಮ್ಮ, ನಡೀತತಾ?" ಶಾಂತಾ ಜೋಳಿಗೆಯನ್ನು ಇನ್ನಷ್ಟು ತಗ್ಗಿಸಿದಳು. ರೊಟ್ಟಿ ಬಿತ್ತು.

ಅಷ್ಟರಲ್ಲಿ ಗಾದ್ರಮ್ಮನ ಕಣ್ಣು ಅವಳ ಹಿಂದಕ್ಕೆ ಹೋಯಿತು. "ಇದೇನು ಸರ್ವಮಂಗಳಕ್ಕ, ನೀನು ನಮ್ಮ ಬಾಗಿಲಿಗೆ?"

"ಯಾಕೆ, ನಿನ್ನ ಬಾಗಿಲು ಬಾಗಿಲಲ್ಲೇನೇ? ಸರಿ ಅತ್ಲಾಗೆ."

ಬರಿಗಾಲಲ್ಲಿ ಬಂದಿದ್ದರು. ಮೊರ ಇರಲಿಲ್ಲ. ಮುಚ್ಚಿದ ಮುಷ್ಟಿಯನ್ನು ಜೋಳಿಗೆಯೊಳಗೆ ಇಳಿಸಿದರು. ಮುಷ್ಟಿ ಬಿಚ್ಚಿಕೊಳ್ಳಲಿಲ್ಲ. ಬಟ್ಟೆಯ ಮೂಲಕ ಅವ್ವನ ಕೈಯ ಭಾರ ಶಾಂತಾಳ ಹೆಗಲಿಗೆ ತಿಳಿಯುತ್ತಿತ್ತು. ಅವಳು ಜಗ್ಗಲಿಲ್ಲ, ಎತ್ತಲೂ ಇಲ್ಲ. ಬಹಳ ಹೊತ್ತಿನ ಮೇಲೆ ಬೆರಳುಗಳು ಸಡಿಲವಾದವು. ರೊಟ್ಟಿಯ ಮೇಲೆ ಅಕ್ಕಿ ಉದುರಿದ ಸದ್ದಾಯಿತು.

ಹೊರಗೆ ಬಂದ ಅಂಗೈಯ ಬೆವರಿಗೆ ಒಂದೆರಡು ಕಾಳು ಅಂಟಿದ್ದವು. ಸರ್ವಮಂಗಳಮ್ಮ ಅವನ್ನೂ ಇನ್ನೊಂದು ಕೈಯಿಂದ ಜೋಳಿಗೆಗೆ ಒರೆಸಿ ಹಾಕಿದರು.

"ಮುಂದಿನದು ನಾಗರಾಜಪ್ಪನ ಮನೆ," ಎಂದರು, ಮಗಳ ಮುಖ ನೋಡದೆ. "ನಾಯಿ ಐತೆ. ನೋಡ್ಕಂಡು ಹೋಗು."